ತಾವರೆ ಬಾವಿ ಬೀದಿಯ ಹಲಗೆ

ಜೈಲಿನ ಗೇಟಿನ ಹೊರಗೆ ಯಾರೂ ಇರಲಿಲ್ಲ. ಮೋಕ್ ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತ. ಬಸ್ಸು ತಡವಾಗಿರಬಹುದು. ಕೆಳಗೆ ಸಮುದ್ರದ ಕಡೆಯಿಂದ ಒಂದು ಬಸ್ಸು ಏದುಸಿರು ಬಿಡುತ್ತಾ ಮೇಲೆ ಬಂತು. ಅದರಿಂದ ಒಬ್ಬ ಮುದುಕಿ ಸೊಪ್ಪಿನ ಚೀಲದೊಂದಿಗೆ ಇಳಿದಳು, ಅಷ್ಟೆ. ಅದರ ಹಿಂದೆಯೇ ಬಂದ ಇನ್ನೊಂದು ಬಸ್ಸಿನಿಂದ ಯಾರೂ ಇಳಿಯಲಿಲ್ಲ.

ಬರುತ್ತೇನೆ ಅಂತ ಹೇಳಿದ್ದಳು ಹೆಂಡತಿ ಸುಕ್-ಯಿನ್. ಹೋದ ತಿಂಗಳ ಭೇಟಿಯಲ್ಲಿ ಗಾಜಿನ ಆಚೆ ಕೂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಗೇಟಿಗೇ ಬರ್ತೀನಿ, ಆಯ್ತಾ?" ಅಂದಿದ್ದಳು. ಸರಿ, ಅಂಗಡಿಯಲ್ಲಿ ರಜೆ ಕೊಟ್ಟಿರಲಿಕ್ಕಿಲ್ಲ, ಪಾಪ, ಎಂದುಕೊಂಡ ಮೋಕ್. ಹಾಗೆ ನೋಡಿದರೆ ಅವಳು ಬರದಿದ್ದುದೇ ಒಳ್ಳೆಯದು ಅಂತಲೂ ಅನ್ನಿಸಿತು. ಮೊದಲು ತಾನೊಬ್ಬನೇ ಹೋಗಿ ಹಲಗೆ ನೋಡಬಹುದು. ಆಮೇಲೆ ಮೆಟ್ಟಿಲು ಹತ್ತಿ ಮನೆ ಬಾಗಿಲು ತಟ್ಟಬಹುದು.

ಹಲಗೆಯ ವಿಷಯ ಹೇಳದಿದ್ದರೆ ಮೋಕ್‌ನ ವಿಷಯ ಹೇಳಿದ ಹಾಗೆ ಆಗುವುದಿಲ್ಲ. ಚಿನ್ನದಂಗಡಿ ದರೋಡೆ ಮಾಡಿದವರ ಕಾರು ಓಡಿಸಿದ ತಪ್ಪಿಗೆ ಒಳಗೆ ಹೋದವನು ಅವನು. ಅಲ್ಲಿ ಅವನನ್ನು ಹಾಕಿದ್ದು ರಸ್ತೆ ಹಲಗೆಗಳ ಕೊಠಡಿಗೆ. ಹಾಂಗ್ ಕಾಂಗಿನ ಯಾವ ಮೂಲೆಗೆ ಹೋದರೂ ಹಸಿರು ನೀಲಿ ತಗಡಿನ ಮೇಲೆ ಬಿಳಿ ಚೀನೀ ಅಕ್ಷರಗಳು ಕಾಣುತ್ತವಲ್ಲ, ಎಡಕ್ಕೆ ಹೋದರೆ ಇಂಥ ಕಡೆ, ಬಲಕ್ಕೆ ಹೋದರೆ ಇಂಥ ಬೀದಿ ಅಂತ, ಅವನ್ನೆಲ್ಲ ಕೈದಿಗಳೇ ಬರೆಯುತ್ತಿದ್ದರು. ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಬೆಳಕು ಬಿದ್ದರೆ ಹೊಳೆಯುವ ಹಾಳೆಯ ಮೇಲೆ ಚಾಕುವಿನಿಂದ ಕೊರೆದು, ತಗಡಿಗೆ ಅಂಟಿಸುವುದು. ಹೊರಗಿನವರಿಗೆ ಅದು ಸರ್ಕಾರದ ಅಕ್ಷರ. ಒಳಗಿನವರಿಗೆ ಮಾತ್ರ ಯಾವ ಅಕ್ಷರ ಯಾರ ಕೈಯದು ಅಂತ ಗೊತ್ತು.

ಅವನಿಗೆ ಕೆಲಸ ಕಲಿಸಿದ್ದು ಪಕ್ಕದ ಬೆಂಚಿನ ಫಾಂಗ್. ವಯಸ್ಸಿನಲ್ಲಿ ದೊಡ್ಡವನು, ಬಾಯಿಯಲ್ಲಿ ಇನ್ನೂ ದೊಡ್ಡವನು. ಮೊದಲ ದಿನವೇ ಪಾಠ ಶುರು ಮಾಡಿದ್ದ.

"ನೋಡು ತಮ್ಮಾ, ಈ ಅಕ್ಷರಕ್ಕೆ ಬಾಲ ಇಲ್ಲ, ಸೊಂಟ ಇಲ್ಲ, ವಯ್ಯಾರ ಇಲ್ಲ. ನಮ್ಮಪ್ಪ ನಿಮ್ಮಪ್ಪ ಕುಂಚ ಹಿಡಿದು ಬರೀತಿದ್ರಲ್ಲ, ಅದೆಲ್ಲ ಮರೆತುಬಿಡು. ಗೆರೆ ಅಂದ್ರೆ ಗೆರೆ, ಮೊದಲಿಂದ ಕೊನೇತನಕ ಒಂದೇ ದಪ್ಪ. ಚೌಕ ಅಂದ್ರೆ ನಮ್ಮ ಸೆಲ್ಲು ಇದ್ದ ಹಾಗೆ. ಪ್ರತಿಯೊಬ್ಬನಿಗೂ ಒಂದೇ ಅಳತೆ. ಡೊಳ್ಳು ಹೊಟ್ಟೆಯೋನು ಹೊಟ್ಟೆ ಒಳಗೆಳ್ಕೋಬೇಕು, ಬಡಕಲು ನನ್ನಂಥೋನು ಕೈಕಾಲು ಚಾಚಿ ಕೂರ್ಬೇಕು. ವಾರ್ಡರ್ ದೂರದಿಂದ ನೋಡಿದ್ರೆ ಇಬ್ರೂ ಒಂದೇ ಥರ ಕಾಣ್ಬೇಕು. ತಿಳೀತಾ?"

"ಒಂದೇ ಅಳತೆಗೆ ಬರೆದ್ರೆ ಒಂದೇ ಥರ ಕಾಣುತ್ತೆ ತಾನೇ ಅಣ್ಣ?"

ಫಾಂಗ್ ನಕ್ಕು, ಬರೀ ಒಂದು ಚೌಕದಂತಿರುವ, ಬಾಯಿ ಅನ್ನುವ ಅರ್ಥದ ಅಕ್ಷರವನ್ನು ಚೌಕದ ಅಂಚಿನತನಕ ತುಂಬಿಸಿ ಬರೆದು, ಗೋಡೆಗೆ ಅಂಟಿಸಿ, "ಹಿಂದಕ್ಕೆ ಹೋಗು. ಇನ್ನೂ ಹಿಂದಕ್ಕೆ" ಎಂದ. ಮೋಕ್ ಬಾಗಿಲತನಕ ಹೋಗಿ ನೋಡಿದ. ನಾಲ್ಕು ಗೋಡೆಯ ಆ ಅಕ್ಷರ ಅಕ್ಕಪಕ್ಕದವರನ್ನೆಲ್ಲ ನುಂಗುವ ಹಾಗೆ ದೊಡ್ಡದಾಗಿ ಕಾಣುತ್ತಿತ್ತು. ಅದನ್ನು ಒಂದಿಷ್ಟು ಕುಗ್ಗಿಸಬೇಕು. ಗೆರೆ ಹೆಚ್ಚಿರುವ ಅಕ್ಷರದಲ್ಲಿ ಗೆರೆಯನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಬೇಕು, ಇಲ್ಲದಿದ್ದರೆ ಬಸ್ಸಿನ ದೀಪ ಬಿದ್ದ ಕೂಡಲೇ ಹೊಳಪು ಹರಡಿ ಒಳಗಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಡ್ರೈವರನಿಗೆ ಬಿಳಿ ಮುದ್ದೆ ಕಾಣುತ್ತದೆ, ಊರಿನ ಹೆಸರು ಕಾಣುವುದಿಲ್ಲ. ಒಟ್ಟಿನಲ್ಲಿ ಎಲ್ಲರೂ ಸಮ ಅಂತ ಕಾಣಿಸಬೇಕಾದರೆ ಒಬ್ಬೊಬ್ಬರಿಗೂ ಒಂದೊಂದು ಸುಳ್ಳು ಹೇಳಬೇಕು. ಫಾಂಗ್‌ನ ಮಾತು ಇದು. ಮೋಕ್‌ಗೆ ಇದು ಬಹಳ ಹಿಡಿಸಿತ್ತು.

ಪ್ರತಿ ಅಕ್ಷರವನ್ನೂ ಹೊಸದಾಗಿ ಬರೆಯುತ್ತಿರಲಿಲ್ಲ. ಹಳೆಯ ಕಾಗದದ ಅಚ್ಚುಗಳನ್ನು ಗೋಡೆಯ ಮೊಳೆಗಳಿಗೆ ಸಿಕ್ಕಿಸಿಟ್ಟಿದ್ದರು. ನೀರನ್ನು ಸೂಚಿಸುವ ಮೂರು ಚುಕ್ಕಿ ಒಂದರಿಂದ, ಮರವನ್ನು ಸೂಚಿಸುವ ಗೆರೆಗಳು ಇನ್ನೊಂದರಿಂದ, ಎರವಲು ತಂದು ಕೂಡಿಸುವುದು. ಎಂದೋ ಬಿಡುಗಡೆಯಾಗಿ ಹೋದವನ ಮರದ ಪಕ್ಕದಲ್ಲಿ ನಿನ್ನೆ ಬಂದವನ ನೀರು ಹರಿಯುತ್ತಿತ್ತು.

ಒಂದು ಬೆಳಿಗ್ಗೆ ಕೊಠಡಿಯ ಮೇಲ್ವಿಚಾರಕ ಯಿಪ್ ಸಾಹೇಬರು ಬರೆಯಬೇಕಾದ ಹೆಸರುಗಳನ್ನು ಓದುತ್ತಿದ್ದರು. ನಡುವೆ ಎಲ್ಲೋ "ತಾವರೆ ಬಾವಿ ಬೀದಿ" ಅಂದರು. ಮೋಕ್‌ನ ಚಾಕು ನಿಂತಿತು. ಶಾಮ್ ಶುಯ್ ಪೋದಲ್ಲಿ ಅವನ ಮನೆ ಇದ್ದ ಬೀದಿ ಅದು. ಕೆಳಗೆ ನೂಡಲ್ ಅಂಗಡಿ, ಮೇಲೆ ಅವನದೂ ಸುಕ್-ಯಿನ್‌ಳದೂ ಬಾಡಿಗೆ ಕೋಣೆ.

ಆ ಹಲಗೆಗೆ ಅವನು ಮೊಳೆಯಿಂದ ಏನನ್ನೂ ಎರವಲು ತರಲಿಲ್ಲ. ತಾವರೆ ಅನ್ನುವ ಅಕ್ಷರದಲ್ಲಿ ಮೇಲೆ ಹುಲ್ಲಿನ ಗುರುತು, ಎಡಕ್ಕೆ ನಡೆಯುವ ಕಾಲು, ಒಳಗೊಂದು ಬಂಡಿ, ಕಿಕ್ಕಿರಿದ ಅಕ್ಷರ. ಪಕ್ಕದಲ್ಲಿ ಬಾವಿ, ಅಡ್ಡ ಎರಡು ಉದ್ದ ಎರಡು ಗೆರೆ, ಮುಗಿಯಿತು. ತುಂಬಿದ ಮನೆಯ ಪಕ್ಕ ಖಾಲಿ ಮನೆ. ಎರಡಕ್ಕೂ ಅದೇ ಚೌಕ. ಎಷ್ಟೋ ದಿನ ಅಳಿಸಿ ಬರೆದು, ಅಳಿಸಿ ಬರೆದು ಕೂತ. ಕೊನೆಗೆ ಬಾವಿಯ ಒಳಗನ್ನು ಅಳತೆಗಿಂತ ಒಂದು ಎಳೆ ಅಗಲ ಮಾಡಿದ. ಎಡಗಡೆ ಉದ್ದಗೆರೆಯ ಕಾಲನ್ನು ಒಂದು ಎಳೆ ಹೊರಕ್ಕೆ ಚಾಚಿದ.

ಫಾಂಗ್ ಬಗ್ಗಿ ನೋಡಿದ. "ಏಯ್, ಇದು ತಪ್ಪು."

"ಗೊತ್ತು ಬಿಡಣ್ಣ."

"ಸಾಹೇಬ ಅಳೆದು ನೋಡಿದ್ರೆ?"

"ಅಳೀಲಿ. ಅವಳು ನೋಡಿದ್ರೆ ನಂದೇ ಅಂತ ತಿಳೀಬೇಕು. ಅಷ್ಟೇ."

ಫಾಂಗ್ ಅವನ ಮುಖವನ್ನೇ ನೋಡಿ, "ಹೆಂಡತಿಗೆ ಹೂ ಕೊಡೋರನ್ನ ಕಂಡಿದ್ದೀನಿ, ಒಡವೆ ಕೊಡೋರನ್ನ ಕಂಡಿದ್ದೀನಿ. ಬಾವಿ ಕೊಡೋ ಗಂಡ ನೀನೊಬ್ನೇ ಕಣೋ" ಅಂದ. ಇಡೀ ಕೊಠಡಿ ನಕ್ಕಿತು.

ಮುಂದಿನ ಭೇಟಿಯಲ್ಲಿ ಮೋಕ್ ಫೋನು ಎತ್ತಿದವನೇ ಹಲಗೆಯ ಸುದ್ದಿ, ಬಾವಿ ಅಗಲ ಮಾಡಿದ ಸುದ್ದಿ ಹೇಳಿದ. ಅದರ ಮುಂದಿನ ಭೇಟಿಯಲ್ಲಿ ಅವಳು ಬಾಯಿ ಬಿಡುವ ಮೊದಲೇ "ನೋಡಿದ್ಯಾ?" ಅಂದ. ಸುಕ್-ಯಿನ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, "ಹೂಂ" ಅಂದಳು. ಆಮೇಲೆ, "ಬಾವಿ ಅಗಲವಾಗಿದೆ. ನಮ್ಮಮ್ಮನ ಗಂಜಿ ಪಾತ್ರೆ ಥರ" ಅಂದಳು.

ಅಲ್ಲಿಂದ ಆ ಹಲಗೆಗೊಂದು ಸಂಸಾರವೇ ಬೆಳೆಯಿತು. ಬಿರುಗಾಳಿಗೆ ಕಂಬ ವಾಲಿತು, ಮತ್ತೆ ನೆಟ್ಟಗೆ ಮಾಡಿದರು. ನಲ್ಲಿ ರಿಪೇರಿಯವನೊಬ್ಬ ತನ್ನ ಜಾಹೀರಾತು ಅಂಟಿಸಿದ, ಸುಕ್-ಯಿನ್ ಕಿತ್ತುಹಾಕಿದಳು. ಒಂದು ಕಂದು ನಾಯಿಗೆ ಕಾಲೆತ್ತಲು ಆ ಕಂಬವೇ ಆಗಬೇಕು. ಮೋಕ್ ಈ ಸುದ್ದಿಗಳನ್ನು ಬೆಂಚಿಗೆ ತಂದು ಹಂಚುತ್ತಿದ್ದ. "ಇವತ್ತು ನಿನ್ನ ನಾಯಿ ಹೇಗಿದೆಯೋ?" ಅಂತ ಎಲ್ಲರೂ ಕೇಳುತ್ತಿದ್ದರು. ಮೊದಲು ಹೊತ್ತು ಕಳೆಯಲಿಕ್ಕೆ ಕೊರೆಯುತ್ತಿದ್ದವನು ಈಗ ಪ್ರತಿ ಹಲಗೆಯ ಕೆಳಗೂ ಯಾರೋ ಒಬ್ಬರು ಕತ್ತೆತ್ತಿ ನಿಂತಿದ್ದಾರೆ ಅನ್ನುವ ಹಾಗೆ ಕೊರೆದ. ಕಷ್ಟದ ಹೆಸರು ಬಂದರೆ ಯಿಪ್ ಸಾಹೇಬರು ಬೇರೆ ಯಾರನ್ನೂ ನೋಡುತ್ತಿರಲಿಲ್ಲ.

ಈಗ ಜೈಲಿನ ಗೇಟಿನಿಂದ ನೇರವಾಗಿ ಅವನು ತಾವರೆ ಬಾವಿ ಬೀದಿಯ ಬಾಯಿಗೆ ಬಂದು ಕತ್ತೆತ್ತಿದ.

ಹಲಗೆ ಇತ್ತು. ಹಳೆಯದು. ಅವನು ಜೈಲಿಗೆ ಹೋಗುವಾಗ ಇದ್ದ ಅದೇ ಎನಾಮೆಲ್ ತಗಡು, ಅದೇ ಕುಂಚದ ಬಾಲಬಾಲದ ಅಕ್ಷರ, ಮೂಲೆಯಲ್ಲಿ ತುಕ್ಕು ಮಾತ್ರ ಇನ್ನಷ್ಟು ಹರಡಿತ್ತು. ಬೀದಿಯ ಆ ತುದಿಗೆ ಹೋಗಿ ನೋಡಿದ. ಅಲ್ಲಿ ಕಂಬವೇ ಇರಲಿಲ್ಲ. ತಿರುಗಿ ಬಂದು ನೂಡಲ್ ಅಂಗಡಿಯ ಮುಂದೆ ನಿಂತ.

ಅಂಗಡಿಯ ಹೊಯ್ ಅಜ್ಜ ಹಬೆಯ ಹಿಂದಿನಿಂದ ಕಣ್ಣು ಕಿರಿದು ಮಾಡಿ ನೋಡಿದ. "ಯಾರು? ಮೋಕಾ? ಅಯ್ಯೋ, ನೀನು ಇನ್ನು ಈ ಕಡೆ ಬರೋದೇ ಇಲ್ಲ ಅಂದ್ಕೊಂಡಿದ್ದೆನಲ್ಲೋ! ಬಾ, ಕೂತ್ಕೋ. ಒಳಗೆ ಊಟ ಹಾಕ್ತಿದ್ರೋ ಇಲ್ವೋ, ಏನ್ ಹೀಗಾಗಿದ್ದೀಯಾ!"

"ಅಜ್ಜ, ಬೀದಿ ಹಲಗೆ ಯಾವಾಗ ತೆಗೆದ್ರು?"

"ಯಾವ ಹಲಗೆ?"

"ಹೊಸದು. ಹೊಳೆಯೋದು."

"ಹೊಸದಾ? ಹೊಸದು ಯಾವತ್ತು ಹಾಕಿದ್ರು ತೆಗೆಯೋಕೆ? ಒಂದ್ಸಲ ಬಂದು ಅಳತೆ ಮಾಡ್ಕೊಂಡು ಹೋದ್ರು, ನಿಜ. ಆಮೇಲೆ ಈ ಸಾಲು ಪೂರ್ತಿ ಕೆಡವ್ತೀವಿ ಅಂತ ಸುದ್ದಿ ಬಂತು. ಕೆಡವೋ ಬೀದಿಗೆ ಯಾರಯ್ಯ ಹೊಸ ಹಲಗೆ ಹಾಕ್ತಾರೆ? ಕೆಡವಲೂ ಇಲ್ಲ, ಹಾಕಲೂ ಇಲ್ಲ. ಸರ್ಕಾರ ಅಲ್ವಾ."

ಮೋಕ್ ಮೆಟ್ಟಿಲ ಕಡೆ ನೋಡಿದ. "ಸುಕ್-ಯಿನ್ ಮೇಲಿದ್ದಾಳಾ?"

ಅಜ್ಜ ಸೌಟು ಕೆಳಗಿಟ್ಟ. "ಅವಳಾ? ಅವಳು ಹೋಗಿ ಎಷ್ಟು ಕಾಲ ಆಯ್ತೋ. ಅಳತೆಯೋರು ಬರೋಕೂ ಮುಂಚೇನೇ ಹೋದ್ಲು. ತುಯೆನ್ ಮುನ್‌ನಲ್ಲಿ ಸೋಯಾ ಹಾಲಿನ ಅಂಗಡಿ ಇಟ್ಟಿದ್ದಾಳಂತೆ, ನನ್ನ ಮಗಳು ಕಂಡಿದ್ಲು, ಬಸ್ ನಿಲ್ದಾಣದ ಹಿಂದೆ. ಗಂಡಾನೂ..." ಅಜ್ಜ ನಿಲ್ಲಿಸಿದ. "ನಿಂಗೆ ಗೊತ್ತಿಲ್ವಾ? ತಿಂಗಳು ತಿಂಗಳು ನಿನ್ನ ನೋಡೋಕೆ ಹೋಗ್ತಾಳೆ ಅಂತ ಕೇಳಿದ್ದೆ."

"ಬರ್ತಿದ್ಲು."

"ಮೊದ್ಲು ತಿನ್ನು. ಬಿಸಿ ಇದೆ. ತಿನ್ನು ಮಗನೇ." ಅಜ್ಜ ನೂಡಲ್ ಬಟ್ಟಲು ಮುಂದಿಟ್ಟ.

ಮೋಕ್ ಊಟದ ಕಡ್ಡಿ ಎತ್ತಿಕೊಂಡ, ಕೆಳಗಿಟ್ಟ. ಗಂಡ ಅನ್ನುವ ಮಾತಿಗಿಂತ ಮೊದಲು ಅವನ ತಲೆಯಲ್ಲಿ ಓಡಿದ್ದು ಬೇರೆ ಲೆಕ್ಕ. ಅಳತೆಯವರು ಬರುವ ಮೊದಲೇ ಹೋದಳು. ಅಂದರೆ ಅವನು ಬಾವಿ ಬರೆಯುವಾಗಲೇ ಮೇಲಿನ ಕೋಣೆಯಲ್ಲಿ ಅವಳಿರಲಿಲ್ಲ. ಹಾಗಾದರೆ ಗಂಜಿ ಪಾತ್ರೆ? ಬಿರುಗಾಳಿ? ನಾಯಿ?

ತುಯೆನ್ ಮುನ್‌ಗೆ ಹೋಗುವ ದಾರಿ ಅದಲ್ಲದಿದ್ದರೂ, ಅವನ ಕಾಲು ಮೊದಲು ಯಾವ್ ಮಾ ತೇಯ ಹಣ್ಣಿನ ಮಂಡಿಗೆ ಹೋಯಿತು. ಫಾಂಗ್ ಇವನಿಗಿಂತ ಮೊದಲೇ ಬಿಡುಗಡೆಯಾಗಿ ಅಲ್ಲಿ ಪೆಟ್ಟಿಗೆ ಹೊರುವ ಕೆಲಸದಲ್ಲಿದ್ದ. ಇಂಥ ಹೊತ್ತಿನಲ್ಲಿ ಯಾರ ಹೆಗಲಾದರೂ ಬೇಕಲ್ಲ. ಇವನನ್ನು ಕಂಡವನೇ ಫಾಂಗ್ ತೋಳು ಚಾಚಿ, "ಬಂದ್ಯಾ ನನ್ನಪ್ಪಾ! ಬಾವಿ ಒಡೆಯಾ!" ಅಂತ ಕೂಗಿಕೊಂಡು ಓಡಿ ಬಂದ. ಮೋಕ್ ಎಲ್ಲ ಹೇಳಿದ. ಹೇಳುತ್ತಾ ಹೋದ ಹಾಗೆ ಫಾಂಗ್‌ನ ತೋಳು ಇವನ ಹೆಗಲಿನಿಂದ ಮೆಲ್ಲಗೆ ಇಳಿಯಿತು.

"ಅಣ್ಣ, ನೀನ್ಯಾಕೆ ಏನೂ ಅಂತಿಲ್ಲ?"

ಫಾಂಗ್ ಒಂದು ಪೆಟ್ಟಿಗೆಯ ಮೇಲೆ ಕೂತ. "ಆ ಹಲಗೆ ವಾಪಸ್ಸು ಬಂದಿತ್ತು ಕಣೋ."

"ಎಲ್ಲಿಗೆ?"

"ಕೊಠಡಿಗೇ. ನೀನು ಜ್ವರ ಬಂದು ಆಸ್ಪತ್ರೆ ವಾರ್ಡಲ್ಲಿ ಮಲಗಿದ್ದೆ ನೋಡು, ಆಗ. ಬೇಡ ಅಂತ ಕಳಿಸಿದ್ರು. ಸಾಹೇಬ ತಗಡು ಕೆರೆದು ಬೇರೆ ಹೆಸರಿಗೆ ಬಳಸು ಅಂದ್ರು. ನಾನೇ ಕೆರೆದೆ. ತಾವರೆ ಬೇಗ ಕಿತ್ಕೊಂಡು ಬಂತು. ಬಾವಿ ಬರ್ಲಿಲ್ಲ. ಉಗುರು ಹಾಕಿ ಕೆರೆದೆ."

ಮಂಡಿಯಲ್ಲಿ ಯಾರೋ ಯಾರಿಗೋ ದಾರಿ ಬಿಡು ಅಂತ ಬೈಯುತ್ತಿದ್ದರು. ಮೋಕ್‌ಗೆ ಸ್ವಲ್ಪ ಹೊತ್ತು ಅದೊಂದೇ ಕೇಳಿಸಿತು.

"ಹಾಗಾದ್ರೆ ಅವಳು ಸುದ್ದಿ ಹೇಳ್ದಾಗೆಲ್ಲ..."

"ಸುಳ್ಳು ಅಂತ ಗೊತ್ತಿತ್ತು."

"ನಿಂಗೊಬ್ನಿಗಾ?"

ಫಾಂಗ್ ನೆಲ ನೋಡಿದ. "ಎಲ್ರಿಗೂ ಗೊತ್ತಿತ್ತು. ಸಾಹೇಬ್ರಿಗೂ. ಹೇಳ್ಬಿಡೋಣ ಅಂತ ನಾನು ಒಂದ್ಸಲ ಅಂದೆ, ಸುಳ್ಳಲ್ಲ. ಸಾಹೇಬ್ರು ಏನಂದ್ರು ಗೊತ್ತಾ? 'ಬಾಯಿ ಮುಚ್ಕೊಂಡಿರಿ, ಅವನ ಕೈ ಈಗ ಕೂತಿದೆ' ಅಂದ್ರು. ನಿಜಾನೇ ಅಲ್ವೇನೋ? ಅವಳು ಬಂದು ಹೋದ ದಿನ ನಿನ್ನ ಗೆರೆ ನೋಡ್ಬೇಕಿತ್ತು! ನಂಗೂ... ಹೊಟ್ಟೆ ಉರೀತಿತ್ತು, ಅಷ್ಟು ಚೆನ್ನಾಗಿರೋದು."

"ನಾಯಿ ಹೇಗಿದೆ ಅಂತ ಕೇಳ್ತಿದ್ದೆಯಲ್ಲೋ ನೀನು!"

"ಏನ್ ಮಾಡ್ಲಿ ಹೇಳು. ನೀನು ನಗ್ತಿದ್ದೆ."

ಮೋಕ್ ಕೈ ಎತ್ತಿದ್ದು ಹೊಡೆಯಲಿಕ್ಕೇ. ಹೊಡೆಯಲಿಲ್ಲ. ಬೆಂಚಿನ ಮೇಲೆ ಇಷ್ಟು ವರ್ಷ ಮೊಣಕೈಗೆ ಮೊಣಕೈ ತಾಗಿಸಿ ಕೂತವನು, ಇವನು ಕೊರೆದ ಹೆಸರನ್ನು ಕೆರೆದುಹಾಕಿ, ಅದೇ ತಗಡಿನ ಮೇಲೆ ಬೇರೆ ಬೀದಿಯನ್ನು ಇವನ ಕೈಯಲ್ಲೇ ಕೊರೆಸಿದ್ದರೂ ಕೊರೆಸಿರಬಹುದು. ಈಗ ಅದನ್ನು ಕೇಳುವ ಧೈರ್ಯ ಇರಲಿಲ್ಲ. "ಹೋಗ್ತೀನಿ" ಅಂದ. ಫಾಂಗ್ ಹಿಂದಿನಿಂದ ಎರಡು ಕಿತ್ತಳೆ ಹಿಡಿದುಕೊಂಡು ಬಂದ. ಇವನು ತಿರುಗಲಿಲ್ಲ.

ಸೋಯಾ ಹಾಲಿನ ಅಂಗಡಿಯನ್ನು ಹುಡುಕುವುದೇನೂ ಕಷ್ಟವಾಗಲಿಲ್ಲ. ಮಧ್ಯಾಹ್ನದ ಬಿಸಿಲಿಳಿದಿತ್ತು. ಸುಕ್-ಯಿನ್ ಉದ್ದ ಕೈಯ ಚಮಚದಲ್ಲಿ ಹಾಲಿನ ಕೆನೆ ತೆಗೆಯುತ್ತಿದ್ದಳು. ಗಾಜಿಲ್ಲದೆ ಅವಳನ್ನು ನೋಡಿ ಎಷ್ಟು ವರ್ಷವಾಗಿತ್ತೋ, ಅವಳು ಇಷ್ಟು ಗಿಡ್ಡ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಬೆಂಚಿನ ಮೇಲೆ ಒಂದು ಹುಡುಗಿ ಕಾಲು ಅಲ್ಲಾಡಿಸುತ್ತಾ ಎಣ್ಣೆಯಲ್ಲಿ ಕರಿದ ಹಿಟ್ಟಿನ ಕಡ್ಡಿ ತಿನ್ನುತ್ತಿತ್ತು. ಅದರ ಗಲ್ಲ ಅವಳದೇ.

ಸುಕ್-ಯಿನ್ ಇವನನ್ನು ಕಂಡಳು. ಚಮಚ ಹಿಡಿದ ಕೈ ಹಾಗೇ ನಿಂತಿತು.

"ಹೊಯ್ ಅಜ್ಜ ಹೇಳಿದ್ನಾ?"

"ಗೇಟಿಗೆ ಬರ್ತೀನಿ ಅಂದಿದ್ದೆ."

"ಹೊರಟಿದ್ದೆ. ಬಟ್ಟೆ ಕೂಡ ಹಾಕ್ಕೊಂಡಿದ್ದೆ." ಅವಳ ದನಿ ಕುಗ್ಗಿತು. "ಬಂದು ನಿನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಏನ್ ತೋರಿಸ್ಲಿ?"

ಒಳಗಿನಿಂದ ಒಬ್ಬ ಗಂಡಸು ಕಾಳಿನ ಮೂಟೆ ಹೊತ್ತು ಬಂದ. ಇವನನ್ನು ನೋಡಿ ಮೂಟೆ ಇಳಿಸಿ, ಕೈ ಒರೆಸಿಕೊಂಡು, ಮಗುವನ್ನು ಎತ್ತಿಕೊಂಡ. "ಕೂತ್ಕೊಳಿ ಅಣ್ಣ" ಅಂದ, ತೀರ ಮರ್ಯಾದೆಯಿಂದ. "ನನ್ನ ಮೇಲೆ ಕೋಪ ಇರುತ್ತೆ, ಇರ್ಲಿ. ಆದ್ರೆ ಒಂದು ತಿಂಗಳೂ ನಾನು ಬೇಡ ಅನ್ಲಿಲ್ಲ. ನಾನೇ ಬಸ್ ಹತ್ತಿಸ್ತಿದ್ದೆ." ಹೀಗಂದು ಮಗುವಿನ ಜೊತೆ ಒಳಗೆ ಹೋದ. ಅದೊಂದು ದೊಡ್ಡ ಉಪಕಾರ ಅನ್ನುವ ಹಾಗೆ ಅವನು ಹೇಳಿದ ರೀತಿ ಮೋಕ್‌ನ ಎದೆಗೆ ಉಳಿದೆಲ್ಲಕ್ಕಿಂತ ಆಳವಾಗಿ ಇಳಿಯಿತು. ಅಂದರೆ ಆ ಗಂಡಸೂ ಬಲ್ಲ. ಕೊಠಡಿಯವರು, ಸಾಹೇಬ, ಈ ಮನುಷ್ಯ, ಎಲ್ಲರೂ ಬಲ್ಲರು. ಇಡೀ ಹಾಂಗ್ ಕಾಂಗಿನಲ್ಲಿ ಆ ಹಲಗೆ ನೆಟ್ಟಿದೆ ಅಂತ ನಂಬಿದ್ದವನು ತಾನೊಬ್ಬನೇ.

"ಯಾಕೆ ಹೇಳ್ಲಿಲ್ಲ?" ಅಂದ.

"ಹೇಳೋಕೇ ಬಂದಿದ್ದೆ ಅವತ್ತು. ಇನ್ನು ಬರಲ್ಲ, ನನ್ನ ಬಿಟ್ಬಿಡು ಅಂತ ಹೇಳೋಕೆ. ಬಸ್ಸಲ್ಲಿ ಪೂರ್ತಿ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ನೀನು ಫೋನ್ ಎತ್ತಿದ ಕೂಡ್ಲೇ 'ನೋಡಿದ್ಯಾ' ಅಂದೆ. ನಿನ್ನ ಮುಖ ನೀನು ನೋಡ್ಕೊಂಡಿಲ್ಲ. ನಮ್ಮ ಮದುವೇಲೂ ನಿನ್ನ ಮುಖ ಹಾಗಿರ್ಲಿಲ್ಲ. ಹೂಂ ಅಂದ್ಬಿಟ್ಟೆ. ಒಂದು ಹೂಂಗೆ ಎಷ್ಟು ಸುಳ್ಳು ಸಾಕ್ಬೇಕಾಯ್ತು ಗೊತ್ತಾ? ತಿಂಗಳಿಡೀ ಯೋಚ್ನೆ, ಈ ಸಲ ಏನ್ ಹೇಳೋದು, ಈ ಸಲ ಏನ್ ಹೇಳೋದು ಅಂತ. ನಮ್ಮ ಈ ತಿರುವಲ್ಲಿ ಒಂದು ಹಲಗೆ ಇದೆ, ಅದನ್ನ ನೋಡಿ ನೋಡಿ ಹೇಳ್ತಿದ್ದೆ."

"ಯಾವುದೋ ಹಲಗೆ."

"ನಂಗೆ ಎಲ್ಲಾ ಒಂದೇ ಥರ ಕಾಣುತ್ತೆ." ಅವಳಿಗೆ ತಾನೇನು ಅಂದೆ ಅನ್ನುವುದು ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು, ಸ್ವಲ್ಪ ಸಿಟ್ಟಿನಿಂದಲೇ ಮುಂದುವರಿಸಿದಳು. "ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋ ಬೇಕಾದ್ರೆ. ಇಷ್ಟು ವರ್ಷ ಹಲಗೆ ಹೇಗಿದೆ, ಕಂಬ ಹೇಗಿದೆ, ನಾಯಿ ಹೇಗಿದೆ ಅಂತ ಕೇಳ್ದೆ. ಸುಕ್-ಯಿನ್, ನೀನ್ ಹೇಗಿದ್ದೀಯಾ ಅಂತ ಒಂದ್ಸಲ ಕೇಳಿದ್ಯಾ? ಹೊಟ್ಟೇಲಿ ಮಗು ಇತ್ತು, ಗಾಜಿನ ಮುಂದೆ ಕೂತಿದ್ದೆ. ಚಳಿಗಾಲ, ದಪ್ಪ ಕೋಟು. ನೀನು ನೋಡ್ಲೇ ಇಲ್ಲ."

ಅದು ನಿಜ. ಮೋಕ್‌ಗೆ ಅದು ನಿಜ ಅಂತ ತಕ್ಷಣ ಗೊತ್ತಾಯಿತು. ಆದರೆ ಅದರಿಂದ ಏನೂ ಹಗುರಾಗಲಿಲ್ಲ.

"ನೀನು ಹೋಗಿದ್ದಕ್ಕೆ ನಂಗೆ ಕೋಪ ಇಲ್ಲ" ಅಂದ, ಒಂದೊಂದೇ ಮಾತು ಹುಡುಕಿಕೊಂಡು. "ಯಾರಾದ್ರೂ ಹೋಗ್ತಾರೆ. ಜೈಲಲ್ಲಿ ದಿನಾ ಒಬ್ಬನ ಹೆಂಡತಿ ಹೋಗ್ತಿದ್ಲು. ಅವನು ಒಂದು ತಿಂಗಳು ಗೋಡೆ ಕಡೆ ತಿರುಗಿ ಮಲಗ್ತಿದ್ದ, ಆಮೇಲೆ ಎದ್ದು ಊಟ ಮಾಡ್ತಿದ್ದ. ನೀನು ಬರದೇ ಇದ್ದಿದ್ರೆ ನಾನೂ ಎದ್ದು ಊಟ ಮಾಡ್ತಿದ್ದೆ. ನೀನು ಬಂದೆ ಸುಕ್-ಯಿನ್. ಪ್ರತಿ ತಿಂಗಳು ಬಂದೆ. ಅದನ್ನ ನಾನು ಕ್ಷಮಿಸಲ್ಲ."

"ನಿನಗೋಸ್ಕರ ಬಂದೆ ಕಣೋ!"

"ಅದೇ ಹೇಳ್ತಿರೋದು."

ಅವಳು ಒಂದು ಬಟ್ಟಲು ಬಿಸಿ ಹಾಲು ತುಂಬಿ ಅವನ ಮುಂದಿಟ್ಟಳು. ಸಕ್ಕರೆ ಹಾಕಿರಲಿಲ್ಲ. ಅವನು ಸಕ್ಕರೆ ಹಾಕಿಕೊಳ್ಳುವುದಿಲ್ಲ ಅನ್ನುವುದು ಅವಳಿಗೆ ನೆನಪಿತ್ತು. ಮೋಕ್ ಅದನ್ನು ಮುಟ್ಟದೆ ಎದ್ದ.

ತಿರುವಿನ ಹಲಗೆಯ ಕಡೆ ನೋಡದೆ, ತಲೆ ತಗ್ಗಿಸಿಕೊಂಡು ನಿಲ್ದಾಣಕ್ಕೆ ಹೋಗಿ ಕೆಂಪು ಮಿನಿಬಸ್ಸು ಹತ್ತಿದ. ಮುಂದಿನ ಸೀಟೇ ಸಿಕ್ಕಿತು. ಹೆದ್ದಾರಿ ಸಿಕ್ಕಿದ ಮೇಲೆ ಕಣ್ಣು ಎಲ್ಲಿಡುವುದು? ಒಂದರ ಹಿಂದೆ ಒಂದು ಹಸಿರು ತಗಡು ಎದ್ದು ಬಂದವು. ಅವುಗಳಲ್ಲಿ ತನ್ನವನ್ನು ಗುರುತಿಸಲಿಕ್ಕೆ ಅವನು ಯೋಚಿಸಬೇಕಾಗಿರಲಿಲ್ಲ. ಎಲ್ಲಾದರೂ ಒಂದು ಗೆರೆ ಜೋತಿರಲಿ, ಒಂದು ಸಂದು ಕಟ್ಟಿರಲಿ, ಒಂದು ಅಕ್ಷರ ಪಕ್ಕದವನ ಮೈಮೇಲೆ ಬಿದ್ದಿರಲಿ ಅಂತ ಹುಡುಕಿದ. ಸಿಟ್ಟು ತೀರಿಸಿಕೊಳ್ಳಲಿಕ್ಕೆ ಒಂದೇ ಒಂದು ತಪ್ಪು ಬೇಕಿತ್ತು. ಸಿಗಲಿಲ್ಲ. ಸುಳ್ಳು ಕೇಳಿಬಂದ ದಿನಗಳಲ್ಲಿ ಬರೆದದ್ದು, ಎಲ್ಲ ಅಚ್ಚುಕಟ್ಟಾಗಿ, ಅಷ್ಟು ವೇಗದಲ್ಲೂ ಸ್ಪಷ್ಟವಾಗಿ, ಎಡಕ್ಕೆ ಹೋಗುವವರನ್ನು ಎಡಕ್ಕೆ ಬಲಕ್ಕೆ ಹೋಗುವವರನ್ನು ಬಲಕ್ಕೆ ಕಳಿಸುತ್ತಾ ನಿಂತಿತ್ತು.

ಊರೊಳಗೆ ಬಂದ ಮೇಲೆ ಜನ ಒಬ್ಬೊಬ್ಬರೇ ಬೀದಿಯ ಹೆಸರು ಕೂಗಿ ಇಳಿಯತೊಡಗಿದರು. ಮಿನಿಬಸ್ಸಿನಲ್ಲಿ ಕೂಗದಿದ್ದರೆ ಯಾರೂ ನಿಲ್ಲಿಸುವುದಿಲ್ಲ. ಕೊನೆಗೆ ಅವನೊಬ್ಬನೇ ಉಳಿದ.

"ಏನಣ್ಣ, ಎಲ್ಲಿ?" ಡ್ರೈವರ್ ಕನ್ನಡಿಯಲ್ಲಿ ನೋಡಿದ.

"ಎಲ್ಲಾದ್ರೂ ನಿಲ್ಸು."

"ಎಲ್ಲಾದ್ರೂ ಅಂದ್ರೆ ಬ್ರೇಕ್ ಒತ್ತೋಕಾಗಲ್ಲಪ್ಪಾ. ಒಂದು ಹೆಸರು ಹೇಳು."

ಮೋಕ್ ಬಾಯಿ ತೆರೆದ. ಈ ಊರಿನ ಎಷ್ಟೋ ಬೀದಿಗಳ ಹೆಸರನ್ನು ಗೆರೆ ಗೆರೆಯಾಗಿ ಬಲ್ಲವನು. ಒಂದರಲ್ಲೂ ಅವನಿಗಾಗಿ ಬಾಗಿಲು ತೆರೆಯುವವರು ಇರಲಿಲ್ಲ.

"ಕೊನೇತನಕ ಹೋಗ್ಲಿ" ಅಂದ.

"ನಿನ್ನಿಷ್ಟ" ಅಂತ ಡ್ರೈವರ್ ಗೇರು ಬದಲಿಸಿದ.